ಮೊದಲ ಪುಟದ ಮಾತುಗಳು

ಸಗಟು ತರಕಾರಿ ಮಾರುಕಟ್ಟೆಯಲ್ಲಿ ಅವನಿಗೆ ಮೈಕಣ್ಣ ಎಂದು ಹೆಸರು ಬಿದ್ದದ್ದು ಅವನ ಕೈಯಲ್ಲಿ ಮೈಕು ಇದ್ದದ್ದಕ್ಕಲ್ಲ, ಮೈಕಿನ ಹಂಗೇ ಇಲ್ಲದ್ದಕ್ಕೆ. ಹರಾಜು ಕೂಗುವುದು ಅವನ ಕೆಲಸ. ಬೆಳಗ್ಗೆ ಮರದ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಒಮ್ಮೆ ಗಂಟಲು ಸರಿಮಾಡಿಕೊಂಡನೆಂದರೆ ಅತ್ತ ಕೋಸಿನ ರಾಶಿಯಿಂದ ಇತ್ತ ಈರುಳ್ಳಿ ಗೋದಾಮಿನವರೆಗೆ ಎಲ್ಲರ ಕಿವಿಯೂ ನೆಟ್ಟಗಾಗುತ್ತಿತ್ತು. ಅವನು ಬರೀ ದರ ಕೂಗುವ ಪೈಕಿಯಲ್ಲ. ಮಧ್ಯೆ ಮಧ್ಯೆ ಒಗ್ಗರಣೆ ಬೇಕೇ ಬೇಕು. "ನೋಡಿ ಸ್ವಾಮಿ ಈ ಸೌತೆಕಾಯಿ, ನಮ್ಮ ಭಾವಮೈದುನ ಮುಖ ಗಂಟು ಹಾಕ್ಕೊಂಡ್ರೂ ಇಷ್ಟು ಗಟ್ಟಿಯಾಗಿರಲ್ಲ!" ಎಂದರೆ ಕೊಳ್ಳಲು ಬಂದವರು ನಕ್ಕು, ನಗುತ್ತಲೇ ಕೈ ಎತ್ತುತ್ತಿದ್ದರು.

ಮನೆಯಲ್ಲೂ ಅವನದು ಅದೇ ಮಾರುಕಟ್ಟೆಯ ಬಾಯಿ. ತೆಳ್ಳಗೆ ಉದ್ದಕ್ಕೆ ಬೆಳೆಯುತ್ತಿದ್ದ ಹೈಸ್ಕೂಲಿನ ಮಗಳು ಅವನ ಬಾಯಲ್ಲಿ 'ಬೆಂಡೆ'. ಸದಾ ಹುಬ್ಬು ಗಂಟಿಕ್ಕಿಕೊಂಡೇ ಇರುವ ಹೆಂಡತಿಯ ತಮ್ಮ 'ಹಾಗಲ'. ಹೆಂಡತಿಗೆ ಮಾತ್ರ ತರಕಾರಿಯ ಹೆಸರಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವಳು, "ನಂಗೇನಾದ್ರೂ ಕುಂಬಳ, ಗೆಡ್ಡೆ ಅಂತ ಹೆಸರಿಟ್ರೋ, ನಿಮ್ಮ ಅಡುಗೆ ನೀವೇ ಮಾಡ್ಕೋಬೇಕು" ಎಂದು ಬಿಟ್ಟಿದ್ದಳು. ಅಂದಿನಿಂದ ಅವಳು 'ಯಜಮಾನ್ತಿ'. ಅವಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು, ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೋಟಿನ ಒಳಬಟ್ಟೆ ಬದಲಿಸುವುದು, ಜಿಪ್ಪು ಹಾಕಿಕೊಡುವುದು ಇಂಥ ಕೆಲಸ ಮಾಡುತ್ತಿದ್ದಳು.

ಮೊದಲು ದನಿ ಒಡೆಯಿತು. ಕೂಗಿ ಕೂಗಿ ಗಂಟಲು ಕಟ್ಟಿದೆ ಎಂದುಕೊಂಡರು. ಉಪ್ಪುನೀರು ಮುಕ್ಕಳಿಸಿದ್ದಾಯಿತು, ಒಂದು ವಾರ ರಜೆ ಹಾಕಿದ್ದಾಯಿತು. ದನಿ ಮಾತ್ರ ಹಳೇ ಕದದ ಹಾಗೆ ಕಿರುಗುಟ್ಟುತ್ತಲೇ ಇತ್ತು. ಕಡೆಗೆ ದೊಡ್ಡಾಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಇಳಿಸಿ ನೋಡಿದ ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು:

"ಗಡ್ಡೆ ಬೆಳೆದಿದೆ, ಧ್ವನಿಪೆಟ್ಟಿಗೇನೇ ತೆಗೀಬೇಕಾಗುತ್ತೆ. ಜೀವಕ್ಕೆ ಏನೂ ಭಯ ಇಲ್ಲ. ಆದ್ರೆ ದನಿ ಉಳಿಯಲ್ಲ."

ಮೈಕಣ್ಣ ಹೆಂಡತಿಯೊಂದಿಗೆ ಬಸ್ಸು ಹತ್ತಿ ಕೂತ. ಬಸ್ಸು ಹೊರಟ ಮೇಲೆ ಕಿಟಕಿಯಾಚೆ ನೋಡುತ್ತಲೇ, "ಸರಕೆಲ್ಲ ಹೋಯ್ತು ಯಜಮಾನ್ತಿ, ಬುಟ್ಟಿ ಉಳೀತು" ಎಂದ. ಅವಳು ಅವನ ತೋಳಿಗೆ ತನ್ನ ತೋಳು ಒತ್ತಿ ಕೂತಳು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಒಬ್ಬ ಮೇಡಮ್ ಇದ್ದರು. ಆಪರೇಷನ್ನಿಗೆ ಇನ್ನೂ ಕೆಲವು ವಾರ ಸಮಯವಿದೆ, ಅಷ್ಟರಲ್ಲಿ ನಿಮ್ಮದೇ ದನಿಯಲ್ಲಿ ಬೇಕಾದ ಮಾತುಗಳನ್ನು ಕಂಪ್ಯೂಟರಿನಲ್ಲಿ ತುಂಬಿಟ್ಟುಕೊಳ್ಳಿ, ಆಮೇಲೆ ಬೇಕಾದಾಗ ಒತ್ತಿದರೆ ಅದೇ ಮಾತಾಡುತ್ತದೆ ಎಂದು ಸಲಹೆ ಕೊಟ್ಟವರು ಅವರೇ. ಹಾಗಲ ಒಂದು ಮುದ್ರಣಾಲಯದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಅಲ್ಲಿ ಹಳೆಯದೆಂದು ಮೂಲೆಗಿಟ್ಟಿದ್ದ ಒಂದು ಲ್ಯಾಪ್‌ಟಾಪನ್ನು ಕೇಳಿ ತಂದು, ಒರೆಸಿ, ಸರಿಮಾಡಿ, ಬೇಕಾದ ಸಾಫ್ಟ್‌ವೇರ್ ಹಾಕಿಕೊಟ್ಟ. ಪರದೆಯ ಮೇಲೆ ಕಿಟಕಿಯ ಗಾಜುಗಳ ಹಾಗೆ ಸಾಲಾಗಿ ಚೌಕಗಳು. ಒಂದೊಂದು ಚೌಕಕ್ಕೂ ಒಂದೊಂದು ಮಾತು. ಒಂದು ಪುಟ ತುಂಬಿದರೆ ಮುಂದಿನ ಪುಟ.

ಮೊದಲ ಪುಟಕ್ಕೆ ಮೇಡಮ್ ಹೇಳಿಕೊಟ್ಟ ಮಾತುಗಳೇ ಸಾಕಾದವು. ನೀರು ಕೊಡಿ. ನೋವಾಗ್ತಿದೆ. ದೀಪ ಆರಿಸಿ. ಬಾಗಿಲು ಹಾಕಿ. ಡಾಕ್ಟರನ್ನ ಕರೀರಿ. ಹೌದು. ಬೇಡ. ಈಗಲ್ಲ. ಒಡೆದ ದನಿಯಾದರೇನು, ಮೈಕಣ್ಣ ಅದನ್ನೂ ಹರಾಜಿನ ಧಾಟಿಯಲ್ಲೇ ಕೂಗಿದ. "ನೀರು ಕೇಳ್ತಿದ್ದೀರೋ, ನೀರು ಮಾರ್ತಿದ್ದೀರೋ? ಸ್ವಲ್ಪ ಮೆಲ್ಲಗೆ ಹೇಳಿ" ಎಂದು ಹೆಂಡತಿ ಗದರಿದಳು. ಅವನು ತಪ್ಪುವುದು, ಕೆಮ್ಮುವುದು, ಮಗಳು ಕಿಸಕ್ಕೆಂದು ನಗುವುದು, ಮತ್ತೆ ಮೊದಲಿನಿಂದ ಶುರು ಮಾಡುವುದು. ಹೀಗೆ ಒಂದು ವಾರ ಅದೇ ಗಲಾಟೆ.

ಮೊದಲ ಪುಟ ಮುಗಿದ ಭಾನುವಾರ ಹಾಗಲ ಬಂದು ಅಂಗೈಯಗಲದ ಒಂದು ಡಿಸ್ಕನ್ನು ವೈರಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿದ.

"ಭಾವ, ಇದು ಬರೀ ಫೈಲನ್ನ ಕಾಪಿ ಮಾಡೋದಲ್ಲ. ಇಡೀ ಕಂಪ್ಯೂಟರು ಇವತ್ತು ಹೇಗಿದೆಯೋ ಹಾಗೇ ಅದರದೊಂದು ಅಚ್ಚು ತೆಗೆದಿಡೋದು. ಡಿಸ್ಕ್ ಇಮೇಜ್ ಅಂತಾರೆ. ನಾಳೆ ಇದು ಕೆಟ್ಟು ಕೂತ್ರೂ ಹೊಸ ಡಿಸ್ಕಿಗೆ ಆ ಅಚ್ಚು ಇಳಿಸಿದ್ರೆ ಆಯ್ತು, ಇವತ್ತಿನ ಹಾಗೇ ಎದ್ದು ಕೂರುತ್ತೆ."

"ಇವತ್ತಿನ ಹಾಗೆ ನಂದೂ ಒಂದು ತೆಗೆದಿಡಪ್ಪ ಹಾಗಲ" ಎಂದ ಮೈಕಣ್ಣ. ಯಾರೂ ನಗಲಿಲ್ಲ. ಹಾಗಲ ಮಾತು ತಿರುಗಿಸಿದ.

"ವಾರಕ್ಕೊಂದು ಸಲ ತಾನಾಗೇ ಹೊಸದೊಂದು ಅಚ್ಚು ತೆಗೆಯೋ ಹಾಗೆ ಮಾಡಿದ್ದೀನಿ. ನೀವು ಏನೂ ಮಾಡ್ಬೇಡಿ. ಈ ವೈರನ್ನ ಮಾತ್ರ ಕೀಳ್ಬೇಡಿ."

ಎರಡನೆಯ ಪುಟದಿಂದ ಮೈಕಣ್ಣನ ಸ್ವಂತ ಮಾತುಗಳು ಶುರುವಾದವು. ಮೇಡಮ್ ಕೊಟ್ಟ ಮಾತುಗಳನ್ನು ಯಾರು ಬೇಕಾದರೂ ಹೇಳಬಹುದು, ಇನ್ನು ನನ್ನದು ಎಂದು ಒಳಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಬಾಗಿಲಿಗೆ ರಜಾಯಿ ನೇತುಹಾಕಿ ಕೂತ. ರೆಕಾರ್ಡ್ ಮಾಡಿ ಕಿವಿಗೆ ಹಚ್ಚಿಕೊಂಡು ಕೇಳಿದರೆ ಮಾತಿನ ಹಿಂದೆ ಗುಯ್ ಎಂಬ ಸಣ್ಣ ಸದ್ದು. ಅದು ಆ ಡಿಸ್ಕು ತಿರುಗುವ ಸದ್ದು. ನೀರು ಕೊಡಿ ಎನ್ನುವ ಮಾತಿನ ಹಿಂದೆ ಅದು ಇದ್ದಿದ್ದರೂ ನಡೆಯುತ್ತಿತ್ತು, ಈ ಮಾತುಗಳ ಹಿಂದೆ ಮಾತ್ರ ಕೂಡದು ಎನಿಸಿತು ಅವನಿಗೆ. ವೈರು ಕಿತ್ತು, ಡಿಸ್ಕನ್ನು ಕಪಾಟಿನ ಮೇಲಿನ ಹಲಗೆಯಲ್ಲಿ ಚಾದರಗಳ ಕೆಳಗೆ ಇಟ್ಟ. ಆಮೇಲೆ ಸಿಕ್ಕಿಸಿದರಾಯಿತು ಎಂದುಕೊಂಡ. ಡಿಸ್ಕು ಸಿಗುತ್ತಿಲ್ಲ ಎಂದು ಪರದೆಯ ಮೂಲೆಯಲ್ಲಿ ವಾರ ವಾರ ಸೂಚನೆ ಬಂದಾಗ ಅದನ್ನು ನೊಣ ಓಡಿಸಿದ ಹಾಗೆ ಒತ್ತಿ ಓಡಿಸಿದ.

ಆ ಕೋಣೆಯಲ್ಲಿ ಅವನು ಏನೇನು ತುಂಬಿದನೋ! 'ಏನೇ ಬೆಂಡೆ, ಇವತ್ತು ಸ್ಕೂಲಲ್ಲಿ ಯಾರ ತಲೆ ತಿಂದೆ?' 'ಯಜಮಾನ್ತಿ, ಸಾಕು, ಆ ಮಿಷನ್ ನಿಲ್ಸು, ಕಣ್ಣು ಕೆಡುತ್ತೆ.' 'ಹಾಗಲ, ನಿನ್ನ ಭಾಷಣ ಮುಗೀತಾ?' 'ಪಾಸಾದ್ಯಾ? ಭೇಷ್!' 'ಹುಷಾರಾಗಿ ಹೋಗಿ ಬಾ.' ಒಂದು ಪೂರ್ತಿ ಹರಾಜಿನ ಕೂಗು. ನಗುವಿಗೇ ಒಂದು ಸಾಲು ಮೀಸಲು: ಸಣ್ಣ ನಗು, ಹೊಟ್ಟೆ ಹಿಡಿದುಕೊಂಡ ನಗು, ಕುಹಕದ ನಗು, ಬೇರೆಯವರು ನಕ್ಕರೆಂದು ನಗುವ ನಗು. ಕೊನೆಯ ದಿನಗಳಲ್ಲಿ ದನಿ ಪಿಸುಮಾತಿನಷ್ಟೇ ಉಳಿದಿದ್ದರೂ ಬಿಡಲಿಲ್ಲ. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಮೂರನೆಯ ಪುಟದ ಕೊನೆಯ ಚೌಕ ತುಂಬಿ, ರಜಾಯಿ ಸರಿಸಿ ಹೊರಗೆ ಬಂದು, "ಮುಗೀತು. ಇನ್ನು ಗಂಟಲು ಯಾರಿಗೆ ಬೇಕೋ ತಗೊಂಡ್ಹೋಗ್ಲಿ" ಎಂದ. ಆ ಸಂಜೆ ಮೂವರೂ ಸುಮ್ಮನೆ ಮಾತಾಡುತ್ತ ಕೂತಿದ್ದರು. ಏನು ಮಾತಾಡಿದರೆಂದು ಆಮೇಲೆ ಮೂವರಿಗೂ ನೆನಪಾಗಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಕತ್ತಿನ ಬುಡದಲ್ಲಿ ಉಸಿರಾಡಲು ಒಂದು ರಂಧ್ರ, ಅದರ ಮೇಲೆ ತೆಳುಬಟ್ಟೆಯ ಮುಚ್ಚಳ. ಅದನ್ನು ಹೆಂಡತಿಯೇ ಅವನ ಅಂಗಿಗಳಿಗೆ ಹೊಂದುವ ಬಣ್ಣಗಳಲ್ಲಿ ಹೊಲಿದಳು. ತಿಂಗಳೊಪ್ಪತ್ತು ಕಳೆದ ಮೇಲೆ ಲ್ಯಾಪ್‌ಟಾಪು ಮಡಿಲಿಗೆ ಬಂತು. ಮನೆಯಲ್ಲಿ ಮತ್ತೆ ಮೈಕಣ್ಣನ ದನಿ. ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ಕೇಳಿ, "ಅಯ್ಯೋ, ದನಿ ವಾಪಸ್ ಬಂತೇನೇ ನಿನ್ನ ಗಂಡಂಗೆ!" ಎಂದು ಓಡಿಬಂದರು. ಫೋನು ಬಂದರೆ ಅವನು ಫೋನನ್ನೇ ಸ್ಪೀಕರಿಗೆ ಹಿಡಿದು ಚೌಕ ಒತ್ತುತ್ತಿದ್ದ. ಹಾಗಲ ಬಂದು ಮಾತು ಶುರುಮಾಡಿ ಇನ್ನೂ ಉಸಿರು ತೆಗೆದುಕೊಂಡಿರುತ್ತಿರಲಿಲ್ಲ, 'ನಿನ್ನ ಭಾಷಣ ಮುಗೀತಾ?' ಎಂದು ಚೌಕ ಕೂಗುತ್ತಿತ್ತು. ಹಿಂದೆಯೇ ಹೊಟ್ಟೆ ಹಿಡಿದುಕೊಂಡ ನಗು. ಮೈಕಣ್ಣನ ಭುಜ ಸದ್ದಿಲ್ಲದೆ ಕುಲುಕುತ್ತಿತ್ತು.

ಮಗಳಿಗೆ ಮಾತ್ರ ಬರಬರುತ್ತ ಅದು ಹಿತವಾಗಲಿಲ್ಲ. ದಿನವೂ ಶಾಲೆಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ 'ಯಾರ ತಲೆ ತಿಂದೆ?' ಎಂಬ ಅದೇ ಪ್ರಶ್ನೆ, ಅದೇ ರಾಗ, 'ತಿಂದೆ' ಎಂಬಲ್ಲಿ ಅದೇ ಎಳೆತ. ಪರೀಕ್ಷೆ ಕೆಟ್ಟ ದಿನವೂ ಅದೇ, ಗೆಳತಿಯೊಂದಿಗೆ ಜಗಳವಾಡಿ ಅಳು ನುಂಗಿಕೊಂಡು ಬಂದ ದಿನವೂ ಅದೇ. ಅಂಥದ್ದೇ ಒಂದು ದಿನ ಅವಳು ಬ್ಯಾಗು ಬಿಸುಟು, "ಅಪ್ಪಾ, ದಿನಾ ಅದೇ ರಾಗ ಕೇಳಿ ಕೇಳಿ ಸಾಕಾಗಿದೆ! ಬೇರೆ ಏನಾದ್ರೂ ಹೇಳೋಕಾಗಲ್ವಾ?" ಎಂದು ಕಿರುಚಿದಳು. ಕಿರುಚಿದ ಮೇಲೆ ತಾನು ಏನೆಂದೆನೆಂದು ಹೊಳೆದು ಕೋಣೆಗೆ ಓಡಿದಳು. ಮೈಕಣ್ಣ ಬಹಳ ಹೊತ್ತು ಚೌಕಗಳನ್ನು ನೋಡುತ್ತ ಕೂತ. ಬೇರೆ ಏನಾದರೂ ಹೇಳಲು ಅವನಿಗೆ ಆಸೆಯಿಲ್ಲವೇ? ಹುಡುಕಿ ಹುಡುಕಿ ಕೊನೆಗೆ 'ಬಾಗಿಲು ಹಾಕಿ' ಎಂಬುದರ ಮೇಲೆ ಬೆರಳಿಟ್ಟು, ಒತ್ತದೆ ತೆಗೆದ. ಮರುದಿನದಿಂದ ಅವಳು ಬರುವ ಹೊತ್ತಿಗೆ ಅವನು ಬರೀ ತಲೆಯಾಡಿಸತೊಡಗಿದ.

ಆ ಮೇಲೆ ಹೆಚ್ಚು ದಿನ ಕಳೆದಿರಲಿಲ್ಲ. ಒಂದು ಮಧ್ಯಾಹ್ನ ಹೆಂಡತಿ ಕೋಟೊಂದರ ತೋಳು ಬಿಚ್ಚುತ್ತಿದ್ದಾಗ ಒಳಗಿನಿಂದ ಮೈಕಣ್ಣ ಚಪ್ಪಾಳೆ ತಟ್ಟಿದ. ಹೋಗಿ ನೋಡಿದರೆ ಲ್ಯಾಪ್‌ಟಾಪಿನ ಪರದೆ ಕಪ್ಪಾಗಿತ್ತು. ಒಳಗಿನಿಂದ ಯಾರೋ ಉಗುರಿನಿಂದ ಮೀಟಿದಂತೆ ಟಿಕ್, ಟಿಕ್ ಎಂಬ ಸದ್ದು. ಆರಿಸಿ ಹಾಕಿದರೂ ಅದೇ. ಸಂಜೆ ಹಾಗಲ ಬಂದವನು ಆ ಸದ್ದು ಕೇಳಿದ ಕೂಡಲೇ ಗುಂಡಿ ಒತ್ತಿ ಆರಿಸಿಬಿಟ್ಟ.

"ಡಿಸ್ಕ್ ಹೋಗಿದೆ. ಯಾರೂ ಮುಟ್ಬೇಡಿ" ಎಂದ. ಆಮೇಲೆ ಅಕ್ಕನ ಮುಖ ನೋಡಿ, "ಅಯ್ಯೋ, ಅಷ್ಟು ಗಾಬರಿ ಬೇಡ ಅಕ್ಕ. ಅಚ್ಚು ಇದೆಯಲ್ಲ. ಎಲ್ಲಿ ಆ ಇನ್ನೊಂದು ಡಿಸ್ಕು?"

ಅವಳು ಮೇಜಿನ ಹಿಂದೆ ನೋಡಿದಳು, ಕೆಳಗೆ ನೋಡಿದಳು. ಮೈಕಣ್ಣ ಕುರ್ಚಿಯಿಂದ ಎದ್ದು, ಕಪಾಟಿನ ಮೇಲಿನ ಹಲಗೆಗೆ ಕೈ ಹಾಕಿ, ಚಾದರಗಳ ಕೆಳಗಿನಿಂದ ಡಿಸ್ಕು ತೆಗೆದು ಕೊಟ್ಟ. ಅದರ ಮೇಲೆ ಧೂಳು ಕೂತಿತ್ತು. ಹಾಗಲ ಧೂಳನ್ನು ನೋಡಿದ, ಭಾವನನ್ನು ನೋಡಿದ. ಅವನ ಗಂಟು ಹುಬ್ಬು ಸಡಿಲವಾಗಿ ಮುಖ ಸಣ್ಣದಾಯಿತು. ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದರೆ ಅದರಲ್ಲಿದ್ದುದು ಒಂದೇ ಅಚ್ಚು. ಆ ಮೊದಲ ಭಾನುವಾರದ್ದು.

ಕೆಟ್ಟ ಡಿಸ್ಕಿನಿಂದ ಏನಾದರೂ ಸಿಗಬಹುದೇ ಎಂದು ಊರಿನ ಇನ್ನೊಂದು ತುದಿಯಲ್ಲಿ ಅದೇ ಕೆಲಸ ಮಾಡುವವನೊಬ್ಬನ ಬಳಿ ಕಳಿಸಿದರು. ಅವನು ಅದನ್ನು ಬಿಚ್ಚಿ ನೋಡಿ, ಒಳಗಿನ ತಟ್ಟೆಯ ಮೇಲೆ ಕೆರೆದಿದೆ, ಬರೆದದ್ದೆಲ್ಲ ಪುಡಿಯಾಗಿ ಉದುರಿದೆ, ತನ್ನ ಕೈಯಲ್ಲಿ ಏನೂ ಆಗುವುದಿಲ್ಲ ಎಂದ. ಒಳ್ಳೆಯ ಮನುಷ್ಯ. ಏನಿತ್ತು ಇದರಲ್ಲಿ ಎಂದು ಕೇಳಿ, ಗೊತ್ತಾದ ಮೇಲೆ ಕೂಲಿ ತೆಗೆದುಕೊಳ್ಳಲಿಲ್ಲ.

ಆ ದಿನ ಅಡುಗೆಮನೆಯಲ್ಲಿ ತಪ್ಪಿಗಾಗಿ ಜಗಳವಾಯಿತು. ತಪ್ಪು ನಿನ್ನದು ಎಂದಲ್ಲ, ನನ್ನದು ಎಂದು.

"ಮುದುಕ ಲ್ಯಾಪ್‌ಟಾಪ್ ತಂದು ಕಟ್ಟಿದ್ನಲ್ಲ, ನನ್ನ ಬುದ್ಧಿಗಿಷ್ಟು!" ಎಂದ ಹಾಗಲ. "ಆಮೇಲಾದ್ರೂ ಒಂದ್ಸಲ ಬಂದು ವೈರ್ ಇದೆಯಾ ಅಂತ ನೋಡ್ಲಿಲ್ಲ."

"ಚಾದರ ತೆಗೆದು ಮಡಿಸಿಡೋಳು ನಾನು. ಎಷ್ಟು ಸಲ ಕೈಗೆ ಸಿಕ್ಕಿತ್ತು ಅದು. ಏನೋ ಇರ್ಬೇಕು ಅಂತ ಸುಮ್ನಾದೆ" ಎಂದಳು ಅಕ್ಕ.

ಮಗಳು ಗೋಡೆಗೊರಗಿ ನಿಂತಿದ್ದಳು. "ನಾನು ಸಾಕಾಗಿದೆ ಅಂದೆ" ಎಂದಳು. "ಮಾವ, ನಾನು ಕೇಳಿ ಸಾಕಾಗಿದೆ ಅಂದಿದ್ದೆ."

"ಅದಕ್ಕೂ ಇದಕ್ಕೂ ಏನೇ ಸಂಬಂಧ? ಹುಚ್ಚಿ" ಎಂದು ಹಾಗಲ ಅವಳ ತಲೆ ಮುಟ್ಟಲು ಹೋದ. ಅವಳು ತಲೆ ಕೊಡವಿದಳು.

ಬಾಗಿಲಲ್ಲಿ ನಿಂತಿದ್ದ ಮೈಕಣ್ಣ ಚಪ್ಪಾಳೆ ತಟ್ಟಿದ. ಮೂವರೂ ತಿರುಗಿದಾಗ, ಗಾಳಿಯಲ್ಲಿ ವೈರೊಂದನ್ನು ಹಿಡಿದು ಕಿತ್ತಂತೆ ಮಾಡಿ, ತನ್ನ ಎದೆಯನ್ನು ತಾನೇ ಬಡಿದು ತೋರಿಸಿದ. ಆಮೇಲೆ ಅಷ್ಟೇ ಸಾಕೆಂಬಂತೆ ತಟ್ಟೆ ಮುಂದಿಟ್ಟುಕೊಂಡು ಊಟಕ್ಕೆ ಕೂತ.

ಮುಂದಿನ ರಜೆಯ ದಿನ ಹಾಗಲ ಹೊಸ ಡಿಸ್ಕು ತಂದ. ಲ್ಯಾಪ್‌ಟಾಪಿನ ಹೊಟ್ಟೆಯ ಸ್ಕ್ರೂಗಳನ್ನು ಬಿಚ್ಚಿ ಒಂದು ಬಟ್ಟಲಲ್ಲಿ ಹಾಕಿ, ಸತ್ತ ಡಿಸ್ಕು ತೆಗೆದು, ಹೊಸದನ್ನು ಕೂರಿಸಿದ. ಒಂದು ಪೆನ್‌ಡ್ರೈವ್ ಜೊತೆಗೆ ಅಚ್ಚಿದ್ದ ಡಿಸ್ಕನ್ನೂ ಸಿಕ್ಕಿಸಿ ಚಾಲೂ ಮಾಡಿದ. ಎಲ್ಲಿಂದ ಎಲ್ಲಿಗೆ ಇಳಿಸಬೇಕು ಎಂದು ಪರದೆ ಕೇಳಿತು. ಹಾಗಲ ಎರಡೆರಡು ಸಲ ಓದಿ, ಬೆರಳಿಟ್ಟು ತೋರಿಸಿ, "ಇದರಿಂದ ಇದಕ್ಕೆ. ಸರಿ ತಾನೇ?" ಎಂದು, ಏನೂ ತಿಳಿಯದ ಅಕ್ಕನ ಒಪ್ಪಿಗೆಯನ್ನೂ ಪಡೆದು ಒತ್ತಿದ. ಹಸಿರು ಗೆರೆಯೊಂದು ಎಡದಿಂದ ಬಲಕ್ಕೆ ತೆವಳತೊಡಗಿತು.

ಅದು ತುಂಬುವವರೆಗೆ ಯಾರೂ ಮೇಲೇಳಲಿಲ್ಲ. ಹೆಂಡತಿ ಮಡಿಲಲ್ಲಿದ್ದ ಅಂಗಿಗೆ ಗುಂಡಿ ಹಚ್ಚಿದಳು, ತಪ್ಪಾಯಿತೆಂದು ಬಿಚ್ಚಿದಳು, ಮತ್ತೆ ಹಚ್ಚಿದಳು. ಎರಡನೆಯ ಪುಟ ಅದರಲ್ಲಿಲ್ಲ ಎಂದು ಹಾಗಲ ಬಿಡಿಸಿ ಹೇಳಿದ್ದ. ಆದರೂ ಅವಳ ಮನಸ್ಸಿನ ಒಂದು ಮೂಲೆ, ಇದ್ದರೂ ಇರಬಹುದು, ಕಂಪ್ಯೂಟರಿನ ವಿಷಯ ಯಾರಿಗೆ ಪೂರ್ತಿ ಗೊತ್ತು ಎನ್ನುತ್ತಿತ್ತು.

ಗೆರೆ ತುಂಬಿತು. ಲ್ಯಾಪ್‌ಟಾಪು ಒಮ್ಮೆ ಆರಿ ಮತ್ತೆ ಎದ್ದಿತು. ಎಲ್ಲವೂ ಆ ಭಾನುವಾರ ಹೇಗಿತ್ತೋ ಹಾಗೇ. ಆಮೇಲೆ ಪರದೆಯ ಹಿನ್ನೆಲೆಗೆ ಹಾಕಿದ್ದ ಮಗಳ ಫೋಟೋ ಹೋಗಿ, ಮೊದಲಿದ್ದ ನೀಲಿ ಬಣ್ಣ ಬಂದಿತ್ತು. ಹಾಗಲ ಚೌಕಗಳ ಕಿಟಕಿ ತೆರೆದ. ಮೊದಲ ಪುಟ ತುಂಬಿತ್ತು. ಬಾಣದ ಗುರುತು ಒತ್ತಿದ. ಎರಡನೆಯ ಪುಟದಲ್ಲಿ ಚೌಕಗಳು ಸಾಲಾಗಿ ಇದ್ದವು, ಎಲ್ಲವೂ ಬಿಳಿ. ಒಂದರಲ್ಲೂ ಏನೂ ಇರಲಿಲ್ಲ.

ಮೈಕಣ್ಣ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡು, ನಗುವಿದ್ದ ಜಾಗದ ಬಿಳಿ ಚೌಕ ಒತ್ತಿದ. ಸದ್ದಿಲ್ಲ. ಹಿಂದಿನ ಪುಟಕ್ಕೆ ಬಂದು ಒಂದೊಂದಾಗಿ ಒತ್ತಿದ. ನೀರು ಕೊಡಿ. ದೀಪ ಆರಿಸಿ. ಬೇಡ. ಈಗಲ್ಲ. ಡಾಕ್ಟರನ್ನ ಕರೀರಿ. ಇಷ್ಟೇ ಈಗ ಅವನು ಆಡಬಹುದಾದ ಮಾತು. ರೋಗಿಯೊಬ್ಬ ಮಂಚದ ಮೇಲಿಂದ ಆಡುವಷ್ಟು. ಹೆಂಡತಿ ಗುಂಡಿ ಹಚ್ಚುತ್ತಿದ್ದ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡಳು.

ಆಗ ಹಾಗಲ, "ಇದೇನಿದು?" ಎಂದ.

ಪರದೆಯ ಮೂಲೆಯಲ್ಲಿ ಒಂದು ಫೋಲ್ಡರ್ ಇತ್ತು. 'ತಪ್ಪಿದ್ದು' ಎಂದು ಹೆಸರು. ಮೊದಲ ವಾರ ಕೆಟ್ಟುಹೋದ ರೆಕಾರ್ಡುಗಳನ್ನೆಲ್ಲ ಮೈಕಣ್ಣ ಅದರೊಳಗೆ ತುರುಕಿದ್ದ. ಮುಂದೆ ಸ್ವಂತ ಮಾತುಗಳಿಗೆ ಜಾಗ ಬೇಕೆಂದು ಅಳಿಸಿಹಾಕಿದ್ದ. ಅಳಿಸುವ ಮುಂಚಿನ ದಿನದ ಅಚ್ಚು ಇದಾದ್ದರಿಂದ ಅದು ಹಾಗೆಯೇ ಎದ್ದು ಬಂದಿತ್ತು. ಹಾಗಲ ಒಂದನ್ನು ತೆರೆದ.

'ನೀರು ಕೊ...' ಕೆಮ್ಮು. 'ಥತ್! ಏಯ್ ಬೆಂಡೆ, ಕಿಸಿಬೇಡ ಕಣೇ, ರೆಕಾರ್ಡ್ ಆಗ್ತಾ ಇದೆ. ನೋಡೇ ಯಜಮಾನ್ತಿ, ನಿನ್ನ ಮಗಳು ನಾನು ಸಾಯೋಕೆ ಮುಂಚೇನೇ ನಗಾಡ್ತಿದ್ದಾಳೆ.' ದೂರದಿಂದ ಹೆಂಡತಿಯ ದನಿ: 'ಬಿಡ್ತು ಅನ್ನಿ! ಊಟಕ್ಕೆ ಬರ್ತೀರೋ ಇಲ್ವೋ?' 'ಬಂದೆ ತಾಯಿ ಬಂದೆ.' ಕುರ್ಚಿ ಎಳೆದ ಸದ್ದು.

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. "ಇನ್ನೊಂದ್ಸಲ, ಮಾವ."

ಇನ್ನೊಂದು ಸಲ ಹಾಕಿದ. ಮುಂದಿನದನ್ನು ಹಾಕಿದ. ಅಲ್ಲಿ ಒಂದು ಆಕಳಿಕೆ, ಇಲ್ಲಿ ಒಂದು ಬೈಗುಳ. 'ಬಾಗಿಲು ಹಾಕಿ' ಎಂದು ಹೇಳಿದ ಕೂಡಲೇ ಯಾರೋ ನಿಜವಾಗಿ ಬಾಗಿಲು ಹಾಕಿದ್ದು, ಅದಕ್ಕೆ ಅವನು ಬಿದ್ದು ಬಿದ್ದು ನಕ್ಕದ್ದು. ಮೂವರ ತಲೆಗಳೂ ಪರದೆಯ ಮುಂದೆ ಒಂದಕ್ಕೊಂದು ತಾಗುವಂತೆ ಬಾಗಿದ್ದವು. ಹೆಂಡತಿ ಅಳುತ್ತ ನಗುತ್ತ, "ಅಯ್ಯೋ, ಹೀಗೇ ಅಂತಿದ್ರು ನೋಡು. ಹೀಗೇ ನಗ್ತಿದ್ರು" ಎಂದಳು.

"ಹೌದಮ್ಮ, ಅಪ್ಪ ಹೀಗೇ ಮಾಡ್ತಿದ್ದ" ಎಂದಳು ಮಗಳು.

ಮೇಜಿನ ಮೇಲೆ ಅಂಗೈ ಬಡಿದ ಸದ್ದಿಗೆ ಮೂವರೂ ಬೆಚ್ಚಿದರು. ಮೈಕಣ್ಣ ಎದ್ದು ನಿಂತಿದ್ದ. ಕತ್ತಿನ ಬಟ್ಟೆ ಉಸಿರಿನ ರಭಸಕ್ಕೆ ಒಳಕ್ಕೂ ಹೊರಕ್ಕೂ ಹಾರುತ್ತಿತ್ತು. ಅವನು ಕೈ ಚಾಚಿ ಲ್ಯಾಪ್‌ಟಾಪನ್ನು ಟಪ್ಪೆಂದು ಮುಚ್ಚಿದ. ಹೆಂಡತಿಯ ಹೊಲಿಗೆಯ ಸೀಮೆಸುಣ್ಣ ತೆಗೆದುಕೊಂಡು, ಅವಳು ಕತ್ತರಿಸಲು ಹಾಸಿದ್ದ ಕಪ್ಪು ಬಟ್ಟೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದ:

ನಾನು ಇಲ್ಲೇ ಇದ್ದೀನಿ.

ಸುಣ್ಣ ಮುರಿಯಿತು. ಮುರಿದ ತುಂಡಿನಲ್ಲೇ ಕೆಳಗೆ ಇನ್ನೊಂದು ಸಾಲು ಬರೆದ: ಸತ್ತಿಲ್ಲ.

ಹಾಗಲ ತಲೆ ತಗ್ಗಿಸಿದ. ಮಗಳು ಆ ಅಕ್ಷರಗಳನ್ನೂ ಅಪ್ಪನನ್ನೂ ನೋಡುತ್ತ ನಿಂತಳು. ಅವಳಿಗೆ ಆ ಕ್ಷಣ ಒಂದು ವಿಷಯ ಹೊಳೆಯಿತು. ಆಪರೇಷನ್ ಆದ ದಿನದಿಂದ ತಾನು ಮಾತಾಡಿದ್ದೆಲ್ಲ ಆ ಚೌಕಗಳ ಜೊತೆ, ಜಗಳವಾಡಿದ್ದೂ ಆ ಚೌಕಗಳ ಜೊತೆ. ಅಪ್ಪನ ಕಣ್ಣನ್ನು ಹೀಗೆ ನೇರವಾಗಿ ನೋಡದೆ ಎಷ್ಟು ದಿನವಾಗಿತ್ತೋ. ಅವಳು ಹೋಗಿ ಅವನ ಎದೆಗೆ ಮುಖವಿಟ್ಟು ಬಿಗಿಯಾಗಿ ಹಿಡಿದುಕೊಂಡಳು. ಮೈಕಣ್ಣ ಸುಣ್ಣ ಮೆತ್ತಿದ ಕೈಯನ್ನು ಅವಳ ತಲೆಗೆ ತಾಗದಂತೆ ಮೇಲೆತ್ತಿಕೊಂಡು ನಿಂತಿದ್ದ. ಆಮೇಲೆ ತಾಗಿದರೆ ತಾಗಲಿ ಎಂದು ಇಳಿಸಿದ.

ಆ ಕಪ್ಪು ಬಟ್ಟೆ ಗಿರಾಕಿಯದು. ಸುಣ್ಣವನ್ನು ಹೆಂಡತಿ ಒದ್ದೆ ಬಟ್ಟೆಯಿಂದ ಒರೆಸಿದಳು. ಎರಡನೆಯ ಸಾಲನ್ನು ಮೊದಲು ಒರೆಸಿದಳು.

ಮಾರನೆಯ ವಾರ ಮೈಕಣ್ಣ ತಾನಾಗಿಯೇ ಆಸ್ಪತ್ರೆಗೆ ಹೊರಟ. ಮಾತು ಕಲಿಸುವ ಮೇಡಮ್ ಆಪರೇಷನ್ ಆದ ಹೊಸತರಲ್ಲೇ ಒಂದು ಸಾಧನ ತೋರಿಸಿದ್ದರು. ಸಣ್ಣ ಟಾರ್ಚಿನಂಥದ್ದು. ಅದನ್ನು ಗದ್ದದ ಕೆಳಗೆ ಒತ್ತಿ ಹಿಡಿದು ಬಾಯಾಡಿಸಿದರೆ ಅದರ ಝುಂಯ್ ಸದ್ದೇ ಮಾತಾಗಿ ಹೊರಬರುತ್ತದೆ. ಆಗ ಅವನು ಕೇಳಿಸಿಕೊಂಡು, ನನ್ನ ದನಿ ನನ್ನ ಹತ್ತಿರ ಇದೆ, ಈ ದುಂಬಿ ಯಾರಿಗೆ ಬೇಕು ಎಂದು ಬರೆದು ತೋರಿಸಿ ಎದ್ದು ಬಂದಿದ್ದ. ಈಗ ಮೇಡಮ್ ಡ್ರಾಯರ್ ಎಳೆದು ಅದನ್ನು ತೆಗೆದುಕೊಟ್ಟರು.

ಕಲಿಯುವುದು ಸುಲಭವಾಗಿರಲಿಲ್ಲ. ಒತ್ತುವ ಜಾಗ ಕೂದಲೆಳೆ ತಪ್ಪಿದರೂ ಬರೀ ಝೇಂಕಾರ. 'ಹ' ಬಾರದು, 'ಪ'ವೂ 'ಬ'ವೂ ಒಂದೇ. ಮನೆಯಲ್ಲಿ ಅವನು ಮೊದಲ ಸಲ ಅದನ್ನು ಕತ್ತಿಗೆ ಹಿಡಿದು ಮಗಳನ್ನು ಕರೆದಾಗ ಅವಳ ಮೈ ಜುಮ್ಮೆಂದಿತು. ಏರಿಲ್ಲ, ಇಳಿತವಿಲ್ಲ, ಪ್ರೀತಿಯೋ ಸಿಟ್ಟೋ ತಿಳಿಯದು. ತಗಡಿನ ಡಬ್ಬಿಯೊಳಗಿನಿಂದ ಬಂದಂಥ ದನಿ. ಆದರೂ ಅವಳು ಹತ್ತಿರ ಹೋಗಿ ಕೂತು, "ಏನಪ್ಪ?" ಎಂದಳು.

"ಗಣಿತ... ಟೀಚರ್... ಏನಂದ್ರು?" ಎಂದ. ಹಿಂದಿನ ದಿನ ಅವಳು ಹೇಳಿದ್ದ ಶಾಲೆಯ ಜಗಳದ ಮುಂದಿನ ಭಾಗ ಅವನಿಗೆ ಬೇಕಾಗಿತ್ತು. ಅವಳು ಹೇಳಿದಳು. ಅವನು ಮಧ್ಯೆ ಇನ್ನೇನೋ ಕೇಳಿದ, ಅವಳಿಗೆ ತಿಳಿಯಲಿಲ್ಲ. ಮತ್ತೆ ಕೇಳಿದ. ಮೂರನೆಯ ಸಲ ತಿಳಿಯಿತು. ಅವಳು ಇನ್ನಷ್ಟು ಹತ್ತಿರ ಸರಿದು ಉತ್ತರ ಹೇಳಿದಳು.

ಲ್ಯಾಪ್‌ಟಾಪು ಮೇಜಿನ ಮೇಲೆಯೇ ಉಳಿಯಿತು. ಗಂಡ ನಡೆಯಲು ಹೊರಗೆ ಹೋದಾಗ ಹೆಂಡತಿ ಒಮ್ಮೊಮ್ಮೆ ಅದನ್ನು ತೆರೆಯುತ್ತಿದ್ದಳು. 'ಬಂದೆ ತಾಯಿ ಬಂದೆ' ಎಂಬಷ್ಟು ಕೇಳಿ ಮುಚ್ಚುತ್ತಿದ್ದಳು. 'ಯಜಮಾನ್ತಿ, ಸಾಕು, ಆ ಮಿಷನ್ ನಿಲ್ಸು' ಎಂಬುದು ಹೇಗಿತ್ತೆಂದು ನೆನಪಿಸಿಕೊಳ್ಳಲು ಹೋದರೆ ಮಾತು ನೆನಪಾಗುತ್ತಿತ್ತು, ದನಿ ಜಾರಿಹೋಗುತ್ತಿತ್ತು. ಇದು ಗಂಡನಿಗೆ ತಿಳಿದರೆ ನೊಂದುಕೊಳ್ಳುತ್ತಾನೆ ಎಂದು ಯಾರಿಗೂ ಹೇಳಲಿಲ್ಲ.

ಚಳಿ ಕಡಿಮೆಯಾದ ಮೇಲೆ ಒಂದು ಬೆಳಗ್ಗೆ ಮೈಕಣ್ಣ ಮಾರುಕಟ್ಟೆಗೆ ಹೋಗಿ ಬರೋಣ ಎಂದ. ಗಂಡ ಹೆಂಡತಿ ಇಬ್ಬರೂ ಹೋದರು. ಹರಾಜಿಗೆ ಹೊಸಬ ಬಂದಿದ್ದ, ಅವನ ಕೈಯಲ್ಲಿ ನಿಜವಾದ ಮೈಕು. ಹಳೆಯ ವ್ಯಾಪಾರಿಗಳು, ಕೂಲಿಯವರು ಓಡಿಬಂದು ಕೈ ಹಿಡಿದರು, ಬೆನ್ನು ತಟ್ಟಿದರು. "ಏನ್ ಮೈಕಣ್ಣ, ಹೇಗಿದ್ದೀಯ?" ಎಂದು ಎಲ್ಲರೂ ಒಟ್ಟಿಗೇ ಕೇಳಿದರು. ಅವನು ಜೇಬಿನಿಂದ ಸಾಧನ ತೆಗೆದು ಕತ್ತಿಗೆ ಹಿಡಿದು ಏನೋ ಹೇಳಿದ. ಮೈಕಿನ ಕೂಗು, ಗಾಡಿಗಳ ಗದ್ದಲ, ಕ್ರೇಟುಗಳ ದಡಬಡ. ಯಾರಿಗೂ ಕೇಳಿಸಲಿಲ್ಲ. ಆದರೂ ಎಲ್ಲರೂ ಕೇಳಿಸಿದವರಂತೆ ತಲೆಯಾಡಿಸಿದರು. ಕ್ರೇಟಿನ ಮೇಲೆ ಕೂತಿದ್ದ ಒಂದು ಮಗು ಮಾತ್ರ ಆ ಸಾಧನವನ್ನು ನೋಡಿ ಅಮ್ಮನ ಸೆರಗಿಗೆ ಮುಖ ಮುಚ್ಚಿಕೊಂಡಿತು. ಮೈಕಣ್ಣ ಅದನ್ನು ಜೇಬಿಗೆ ಇಳಿಸಿದ. ತೂಕದ ಕಟ್ಟೆಯ ಮೇಲ್ವಿಚಾರಕರು ಅವನನ್ನು ಪಕ್ಕಕ್ಕೆ ಕರೆದು ಕಿವಿಯ ಹತ್ತಿರ ಏನೋ ಹೇಳಿದರು. ಅವನು ತಲೆಯಾಡಿಸಿದ.

ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಾಗ ಅವಳು ಕೇಳಿದಳು: "ಏನಂತೆ ಅವರದು?"

"ತೂಕದ ಕಟ್ಟೇಲಿ... ಕೆಲ್ಸ ಇದೆಯಂತೆ. ಸೋಮವಾರದಿಂದ ಬಾ ಅಂದ್ರು."

"ಅಲ್ಲೇನು ಮಾಡ್ಬೇಕು?"

"ಮೂಟೆ ಇಟ್ಟಾಗ... ಮುಳ್ಳು ನೋಡ್ಬೇಕು. ಚೀಟಿ ಬರೀಬೇಕು. ಮಾತು ಬೇಕಿಲ್ಲ."

ಆ ಸಪಾಟು ದನಿಯಲ್ಲಿ ದುಃಖವೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ಅದಕ್ಕೇ ಅವಳು ತಿರುಗಿ ಕೂತು ಅವನ ಮುಖ ನೋಡಿದಳು. ಕಣ್ಣಂಚು ಒದ್ದೆಯಾಗಿತ್ತು.

"ಹೋಗ್ತೀರಾ?"

ಅವನು ಸಾಧನವನ್ನು ಕತ್ತಿಗೆ ಒತ್ತಿದ. ಅಷ್ಟರಲ್ಲಿ ಅವರ ಬಸ್ಸು ಬಂದು ನಿಂತು, ಎಂಜಿನ್ನಿನ ಸದ್ದಿನಲ್ಲಿ ಅವನ ಮಾತು ಮುಳುಗಿತು. ಜನ ಹತ್ತಿದರು. ಕಂಡಕ್ಟರು ಬಾಗಿಲಲ್ಲಿ ನಿಂತು ಇವರನ್ನು ನೋಡಿದ. ಅವಳು ಹೋಗಿ ಎಂದು ಕೈ ಬೀಸಿದಳು.

ಬಸ್ಸು ಹೊರಟು ಸದ್ದು ಕಡಿಮೆಯಾಗುವ ತನಕ ಕಾದು, "ಈಗ ಹೇಳಿ" ಎಂದಳು.